ತವರಿಲ್ಲದವರ ಮದುವೆ

ಹುಬ್ಬಳ್ಳಿಯಿಂದ ಕೊಲ್ಹಾಪುರಕ್ಕೆ ಹೋಗುವ ಹರಿಪ್ರಿಯಾ ಎಕ್ಸ್‌ಪ್ರೆಸ್ ಧಾರವಾಡ, ಲೋಂಡಾ, ಬೆಳಗಾವಿ, ಮಿರಜ್ ದಾಟಿ ಊರು ಸಮೀಪಿಸಿದಾಗ ಡಬ್ಬಿಯೊಳಗೆ ಚೀಲ ಇಳಿಸುವ ಗಡಿಬಿಡಿ ಶುರುವಾಗುತ್ತದೆ. ಅಂಬಾಬಾಯಿಯ ದರ್ಶನಕ್ಕೆ ಹೊರಟವರಿಗೆ ಅದೇ ಧ್ಯಾನ. ಕಿಟಕಿಯಾಚೆ ಸರಿದುಹೋಗುವ ಸಣ್ಣ ನಿಲ್ದಾಣದ ಹಲಗೆಯನ್ನು ಓದುವವರು ಕಡಿಮೆ. ಅದರ ಹೆಸರು ವಳಿವಡೆ. ಪಕ್ಕದ ಗಾಂಧಿನಗರವಾದರೆ ನಮ್ಮ ಕಡೆಯ ಬಟ್ಟೆ ಅಂಗಡಿಯವರಿಗೆ ಗೊತ್ತು. ಸಿಂಧಿ ವ್ಯಾಪಾರಿಗಳ ದೊಡ್ಡ ಸಗಟು ಪೇಟೆ ಅದು. ಆ ಪೇಟೆ ಎದ್ದುನಿಂತ ನೆಲದಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ಜನ ವಾಸವಾಗಿದ್ದರು. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು.

ಆ ಹೆಂಗಸರು ಇತ್ತ ಪಂಚಗಂಗೆ ನದಿಯ ಬಯಲಿನಲ್ಲಿ ಸೈನ್ಯದಲ್ಲಿದ್ದ ಗಂಡನ, ಮಗನ ಕಾಗದಕ್ಕೆ ಕಾಯುತ್ತಿದ್ದರು. ಯುದ್ಧ ಮುಗಿದ ಮೇಲೆ ಅತ್ತ ಜರ್ಮನಿಯಲ್ಲಿ, ನಾಜಿ ಶಿಬಿರಗಳಿಂದ ಜೀವ ಉಳಿಸಿಕೊಂಡು ಹೊರಬಂದ ಯಹೂದಿ ತರುಣಿಯರಲ್ಲಿ ಕೆಲವರು ತಮ್ಮನ್ನು ಬಿಡಿಸಿದ ಪರದೇಶದ ಸಿಪಾಯಿಗಳನ್ನೇ ಮದುವೆಯಾದರು. ಒಂದು ಗುಂಪಿನ ಗೋಳು ಹಿಟ್ಲರನಿಂದ, ಇನ್ನೊಂದರದು ಸ್ಟಾಲಿನ್‌ನಿಂದ. ಧರ್ಮ ಬೇರೆ, ಬಂದ ದಾರಿ ಬೇರೆ. ಆದರೆ ಎರಡೂ ಕಡೆಯವರಿಗೆ ತವರು ಉಳಿದಿರಲಿಲ್ಲ.

ನಮ್ಮಲ್ಲಿ ಮದುವೆಯೆಂದರೆ ಹೆಣ್ಣು ತವರು ಬಿಟ್ಟು ಗಂಡನ ಮನೆ ಸೇರುವುದು. ಪಂಚಮಿಗೆ ಕರೆಯಲು ಅಣ್ಣ ಬರುತ್ತಾನೆ, ಚೊಚ್ಚಲ ಹೆರಿಗೆಗೆ ತಾಯಿ ಕರೆದೊಯ್ಯುತ್ತಾಳೆ. ಕರೆಯಲು ಅಣ್ಣನೇ ಇಲ್ಲದ, ಹೋಗಲು ಊರೇ ಇಲ್ಲದ ಹುಡುಗಿಗೆ ಮದುವೆ ಏನು ಕೊಟ್ಟೀತು? ಆ ಕಾಲದ ಸರಕಾರಗಳು ಇದಕ್ಕೆ ಒರಟಾದ ಉತ್ತರವೊಂದನ್ನು ಕಾನೂನಿನಲ್ಲೇ ಬರೆದಿಟ್ಟಿದ್ದವು. ನೀನು ಸಿಪಾಯಿಯ ಹೆಂಡತಿಯಾಗಿದ್ದರೆ ನಿನಗೊಂದು ದೇಶ ಸಿಗುತ್ತದೆ. ಇಲ್ಲದಿದ್ದರೆ ಸಾಲಿನಲ್ಲಿ ನಿಲ್ಲು.

ಪ್ಯಾರಾಶೂಟಿನ ರೇಷ್ಮೆ

1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಉತ್ತರ ಜರ್ಮನಿಯ ಬರ್ಗನ್-ಬೆಲ್ಸನ್ ಶಿಬಿರವನ್ನು ವಶಪಡಿಸಿಕೊಂಡಾಗ ಅಲ್ಲಿ ಸುಮಾರು 60,000 ಕೈದಿಗಳಿದ್ದರು. ಮಣ್ಣು ಕಾಣದೆ ಬಿದ್ದಿದ್ದ ಹೆಣಗಳೇ ಹತ್ತು ಸಾವಿರದ ಮೇಲೆ. ಬಿಡುಗಡೆಯಾದ ಮೇಲೂ ಟೈಫಸ್ ಜ್ವರ ಮತ್ತು ನಿತ್ರಾಣದಿಂದ ಮತ್ತೆ ಸುಮಾರು 13,000 ಜನ ತೀರಿಕೊಂಡರು. ಅಲ್ಲಿಯ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಮಾಡುತ್ತಿದ್ದ 22 ವರ್ಷದ ಕೈದಿಯೊಬ್ಬಳಿದ್ದಳು, ಕ್ರಾಕೋವ್ ನಗರದ ಗೆನಾ ಗೋಲ್ಡ್‌ಫಿಂಗರ್. ಪ್ವಾಶುವ್, ಆಶ್ವಿಟ್ಜ್, ಬುಖನ್‌ವಾಲ್ಡ್ ದಾಟಿ ಅವಳು ಅಲ್ಲಿಗೆ ಬಂದಿದ್ದಳು. ತುಂಬಿದ ಮನೆಯಲ್ಲಿ ಒಡಹುಟ್ಟಿದವರು ಒಬ್ಬೊಬ್ಬರಾಗಿ ಹೋಗಿ, ಕೊನೆಗೆ ಅವಳ ಬಳಿ ಉಳಿದವಳು ತಾಯಿ.

ನಾಜಿ ಕಾವಲುಗಾರರನ್ನು ಹಿಡಿಯಲು ಬಂದ ಬ್ರಿಟಿಷ್ ಗುಪ್ತಚರ ದಳದಲ್ಲಿ ನಾರ್ಮನ್ ಟರ್ಗೆಲ್ ಎಂಬ ಸಾರ್ಜೆಂಟ್ ಇದ್ದ. ಅವನೂ ಯಹೂದಿ, ಲಂಡನ್ನಿನವನು. ಆಸ್ಪತ್ರೆ ನೋಡಲು ಬಂದವನು ಮತ್ತೆ ಮತ್ತೆ ಬಂದ. ಕೆಲವೇ ದಿನಗಳಲ್ಲಿ ಅವಳನ್ನು ಸೈನ್ಯದ ಊಟದ ಮನೆಗೆ ಕರೆದ. ಬಿಳಿ ಬಟ್ಟೆ ಹಾಸಿದ ಮೇಜು, ಮೇಲೆ ಹೂವು. ಯಾರೋ ದೊಡ್ಡವರು ಬರುವವರಿದ್ದಾರೆ ಎಂದುಕೊಂಡಳು ಗೆನಾ. ಇದು ನಮ್ಮಿಬ್ಬರ ನಿಶ್ಚಯ ಎಂದು ಅವನು ಹೇಳಿದಾಗ ಅವಳಿಗೆ ನಂಬಿಕೆ ಬರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಲ್ಯೂಬೆಕ್ ಪಟ್ಟಣದಲ್ಲಿ ಮದುವೆಯಾಯಿತು. ಬ್ರಿಟಿಷ್ ಸೇನೆಯ ಯಹೂದಿ ಧರ್ಮಗುರು ಲೆಸ್ಲಿ ಹಾರ್ಡ್‌ಮನ್ ಮಂತ್ರ ಹೇಳಿದರು. ಧಾರೆಯ ಉಡುಪಿಗೆ ಬಟ್ಟೆ ಸಿಗದ ಕಾಲ. ಬ್ರಿಟಿಷ್ ಸೇನೆಯ ಪ್ಯಾರಾಶೂಟಿನ ರೇಷ್ಮೆ ಕತ್ತರಿಸಿ ಹೊಲಿದರು. ಆ ಉಡುಪು ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಪತ್ರಿಕೆಗಳು ಅವಳನ್ನು ಬೆಲ್ಸನ್ನಿನ ಮದುಮಗಳು ಎಂದು ಕರೆದವು. 2018ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಗೆನಾ ಲಂಡನ್ನಿನಲ್ಲೇ ಬಾಳಿದರು.

ಇನ್ನೊಬ್ಬಳು ಗೆರ್ಡಾ ವೈಸ್‌ಮನ್, ಪೋಲೆಂಡಿನ ಬಿಯೆಲ್ಸ್ಕೋ ಊರಿನವಳು. ತಂದೆ, ತಾಯಿ, ಅಣ್ಣ ಮೂವರನ್ನೂ ಕಳೆದುಕೊಂಡು, ಜೀತದ ಶಿಬಿರಗಳಲ್ಲಿ ವರ್ಷಗಟ್ಟಲೆ ದುಡಿದು, ಕಡೆಗೆ 1945ರ ಚಳಿಗಾಲದಲ್ಲಿ ಹಿಮದ ಮೇಲೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆಸಿದ ಸಾವಿನ ನಡಿಗೆಯಲ್ಲಿ ಉಳಿದವಳು. ಮೇ 7ರಂದು, ಅವಳಿಗೆ 21 ತುಂಬುವ ಹಿಂದಿನ ದಿನ, ಚೆಕ್ ನಾಡಿನ ವೋಲರಿ ಎಂಬಲ್ಲಿ ಅಮೆರಿಕನ್ ಸೇನೆಯ ಲೆಫ್ಟಿನೆಂಟ್ ಕರ್ಟ್ ಕ್ಲೈನ್ ಅವಳಿಗೆ ಎದುರಾದ. ಆಗ ಅವಳ ತೂಕ 31 ಕೆ.ಜಿ., ತಲೆಗೂದಲು ನರೆತು ಹೋಗಿತ್ತು. ಉಳಿದ ಹುಡುಗಿಯರ ಬಳಿ ಹೋಗೋಣವೆಂದು ಬಾಗಿಲವರೆಗೆ ಬಂದವನು ಬಾಗಿಲು ತೆರೆದು ಹಿಡಿದು ಅವಳು ಮುಂದೆ ದಾಟಲೆಂದು ನಿಂತ. ಮನುಷ್ಯಳಾಗಿ ಮರಳಿದ್ದು ಆ ಹೊಸ್ತಿಲಲ್ಲಿ ಎಂದು ಗೆರ್ಡಾ ಮುಂದೆ ಜೀವನವಿಡೀ ಹೇಳುತ್ತಿದ್ದರು. ಕರ್ಟ್ ಕೂಡ ಹುಟ್ಟಿನಿಂದ ಜರ್ಮನಿಯ ಯಹೂದಿ. 1937ರಲ್ಲಿ ಅಮೆರಿಕಕ್ಕೆ ಹೋಗಿ ಬದುಕಿಕೊಂಡವನು. ಅವನ ತಂದೆತಾಯಿ ಆಶ್ವಿಟ್ಜ್‌ನಲ್ಲಿ ಹೋದರು. 1946ರ ಜೂನ್‌ನಲ್ಲಿ ಪ್ಯಾರಿಸಿನಲ್ಲಿ ಮದುವೆಯಾಗಿ ಇಬ್ಬರೂ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಸಂಸಾರ ಹೂಡಿದರು. ಗೆರ್ಡಾ ಬರೆದ ಆತ್ಮಕಥನ 1957ರಲ್ಲಿ ಬಂತು.

ಮದುವೆಗೆ ಮುಂಚಿನ ಕಾಗದ

ಸಿನಿಮಾದಂತೆ ಕೇಳಿಸುವ ಈ ಕಥೆಗಳ ಹಿಂದೆ ಕಡತಗಳ ರಾಶಿಯೇ ಇತ್ತು. ಸಿಪಾಯಿ ಮದುವೆಯಾಗಬೇಕಾದರೆ ಮೇಲಧಿಕಾರಿಯ ಒಪ್ಪಿಗೆ ಬೇಕು. ಸೋತ ಜರ್ಮನಿಯ ಪ್ರಜೆಗಳ ಜೊತೆ ಸಂಬಂಧ ಬೆಳೆಸಕೂಡದೆಂಬ ಆಜ್ಞೆ ಬೇರೆ. ಜರ್ಮನ್ ಹೆಣ್ಣನ್ನು ಮದುವೆಯಾಗಲು ಅಮೆರಿಕನ್ ಸೇನೆ ಸಿಪಾಯಿಗಳಿಗೆ ಅನುಮತಿ ಕೊಟ್ಟದ್ದು 1946ರ ಡಿಸೆಂಬರಿನಲ್ಲಿ. ಜರ್ಮನಿಯಲ್ಲೇ ಹುಟ್ಟಿದ ಯಹೂದಿ ಹುಡುಗಿಯ ಪಾಡು ಇಲ್ಲಿ ವಿಚಿತ್ರ. ಯಹೂದಿಯೆಂದು ಅವಳ ಪೌರತ್ವ ಕಿತ್ತುಕೊಂಡಿದ್ದ ದೇಶದ ಹೆಸರಿನಲ್ಲೇ ಈಗ ಅವಳನ್ನು ಶತ್ರುವಿನ ಪಟ್ಟಿಗೆ ಸೇರಿಸುವ ಸಂಭವವಿತ್ತು.

ಇಷ್ಟು ದಾಟಿದರೆ ರಬ್ಬಿಯ, ಅಂದರೆ ಯಹೂದಿ ಧರ್ಮಗುರುವಿನ ಪ್ರಶ್ನೆ. ಅವಳಿಗೆ ಮೊದಲೊಂದು ಮದುವೆಯಾಗಿತ್ತೇ? ಆಗಿದ್ದರೆ ಆ ಗಂಡ ಸತ್ತದ್ದಕ್ಕೆ ಸಾಕ್ಷಿ ಯಾರು? ಯಹೂದಿ ಧರ್ಮಶಾಸ್ತ್ರದ ಪ್ರಕಾರ ಸಾವು ಖಚಿತವಾಗದ ಗಂಡನ ಹೆಂಡತಿ ಮತ್ತೆ ಮದುವೆಯಾಗುವಂತಿಲ್ಲ. ಸುಟ್ಟು ಬೂದಿ ಮಾಡಿದ ಶಿಬಿರದಿಂದ ಮರಣಪತ್ರ ತರುವುದು ಎಲ್ಲಿಂದ? ಸೇನೆಯ ರಬ್ಬಿಗಳು ಜೊತೆಯಲ್ಲಿದ್ದ ಕೈದಿಗಳ ಹೇಳಿಕೆ ಪಡೆದು, ಸಂದು ಹುಡುಕಿ, ಎಷ್ಟೋ ಹೆಂಗಸರಿಗೆ ಬಿಡುಗಡೆಯ ದಾರಿ ಮಾಡಿಕೊಟ್ಟರು.

ಇಷ್ಟೆಲ್ಲ ತಾಳಿಕೊಂಡು ಮದುವೆಯಾದವಳಿಗೆ ಸಿಕ್ಕಿದ್ದು ಸಣ್ಣದೇನಲ್ಲ. ಬ್ರಿಟಿಷ್ ಪ್ರಜೆಯನ್ನು ಮದುವೆಯಾದ ವಿದೇಶಿ ಹೆಣ್ಣು ತಾನಾಗಿಯೇ ಬ್ರಿಟಿಷ್ ಪ್ರಜೆಯಾಗುವ ಕಾನೂನು 1948ರ ಕೊನೆಯವರೆಗೂ ಜಾರಿಯಲ್ಲಿತ್ತು. ಅಮೆರಿಕದಲ್ಲಿ ಪೋಲೆಂಡಿನವರಿಗೆ ವರ್ಷಕ್ಕೆ 6,524 ಜನರ ಕೋಟಾ ಮಾತ್ರ. 1945ರ ಡಿಸೆಂಬರ್ 28ರಂದು ಬಂದ ಯುದ್ಧವಧುಗಳ ಕಾಯ್ದೆ ಸೈನಿಕರ ಹೆಂಡತಿ ಮಕ್ಕಳನ್ನು ಆ ಕೋಟಾದಿಂದ ಹೊರಗಿಟ್ಟಿತು. ಎರಡೂವರೆ ಲಕ್ಷ ಯಹೂದಿ ನಿರಾಶ್ರಿತರು ಜರ್ಮನಿ, ಆಸ್ಟ್ರಿಯಾ, ಇಟಲಿಗಳ ಶಿಬಿರಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದಾಗ ಸಿಪಾಯಿಯ ಹೆಂಡತಿ ಹಡಗು ಹತ್ತಬಹುದಿತ್ತು.

ಹಾಗೆಂದು ಎಲ್ಲರೂ ಸಿಪಾಯಿಗಳನ್ನೇ ಮದುವೆಯಾದರೆಂದಲ್ಲ. ಹೆಚ್ಚಿನವರು ಶಿಬಿರಗಳಲ್ಲೇ, ತಮ್ಮಂತೆಯೇ ಬದುಕುಳಿದವರ ಕೈಹಿಡಿದರು. ಬೆಲ್ಸನ್ನಿನಲ್ಲಿ ಪ್ಯಾರಾಶೂಟಿನಿಂದ ಹೊಲಿದ ಇನ್ನೊಂದು ಉಡುಪು ಒಬ್ಬಳ ಮೈಯಿಂದ ಇನ್ನೊಬ್ಬಳಿಗೆ ದಾಟುತ್ತ ಹಲವು ಮದುವೆ ಕಂಡಿತು. ಬಡವರ ಕೇರಿಯಲ್ಲಿ ಒಂದೇ ರೇಷ್ಮೆ ಸೀರೆ ಎಲ್ಲರ ಮದುವೆಗೂ ಆದ ಹಾಗೆ. 1946ರ ಹೊತ್ತಿಗೆ ಈ ಶಿಬಿರಗಳ ಜನನ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು.

ಇದನ್ನು ಹೇಗೆ ಓದಬೇಕೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಹೊಸ ಬದುಕಿನ ಹಟ, ನಾಶ ಮಾಡಹೊರಟವರಿಗೆ ತೊಟ್ಟಿಲಿನಿಂದ ಕೊಟ್ಟ ಉತ್ತರ ಎನ್ನುವವರಿದ್ದಾರೆ. ಒಂಟಿತನ ತಾಳಲಾರದೆ, ಪರಿಚಯವೂ ಸಾಲದೆ ಆದ ಮದುವೆಗಳೇ ಬಹಳ ಎನ್ನುವವರೂ ಇದ್ದಾರೆ. ಜರ್ಮನಿಯ ಶಿಬಿರಗಳನ್ನು ಅಭ್ಯಾಸ ಮಾಡಿದ ಅಟೀನಾ ಗ್ರಾಸ್‌ಮನ್ ಈ ಎರಡನ್ನೂ ಬೇರ್ಪಡಿಸಿ ನೋಡಲಾಗದು ಎಂಬ ಕಡೆ ವಾಲುತ್ತಾರೆ. ಯುದ್ಧವಧುಗಳ ಬಗ್ಗೆಯೇ 2023ರಲ್ಲಿ ಪುಸ್ತಕ ತಂದ ರಾಬಿನ್ ಜಡ್ ಕಡತಗಳ ಕಡೆ ಬೆರಳು ಮಾಡುತ್ತಾರೆ. ಅವರ ಕಣ್ಣಿಗೆ ಇವರು ಸಿಪಾಯಿ ಎತ್ತಿಕೊಂಡು ಹೋದ ಬೊಂಬೆಗಳಲ್ಲ. ಅಧಿಕಾರಿ, ರಬ್ಬಿ, ಅತ್ತೆಮಾವ ಎಲ್ಲರ ಪರೀಕ್ಷೆಯಲ್ಲೂ ತಮ್ಮ ದಾರಿ ತಾವೇ ಹುಡುಕಿಕೊಂಡವರು.

ಸೈಬೀರಿಯಾದಿಂದ ಪಂಚಗಂಗೆಗೆ

ವಳಿವಡೆಯ ಕಥೆ ಇದಕ್ಕಿಂತ ಮೊದಲೇ ಶುರುವಾಗುತ್ತದೆ. 1939ರ ಸೆಪ್ಟೆಂಬರ್ 17ರಂದು ಸೋವಿಯತ್ ಸೇನೆ ಪೂರ್ವ ಪೋಲೆಂಡನ್ನು ನುಂಗಿತು. 1940ರ ಫೆಬ್ರವರಿಯಿಂದ 1941ರ ಜೂನ್‌ವರೆಗೆ ನಾಲ್ಕು ದೊಡ್ಡ ಕಂತುಗಳಲ್ಲಿ ಮನೆಮನೆಗಳನ್ನೇ ಬರಿದು ಮಾಡಿ, ಜನರನ್ನು ಗೂಡ್ಸ್ ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾಕ್ಕೆ, ಕಜಾಕಿಸ್ತಾನಕ್ಕೆ ಸಾಗಿಸಿದರು. ಎಷ್ಟು ಜನ ಎಂಬುದು ಇಂದಿಗೂ ವಾದದ ವಿಷಯ. ಸೋವಿಯತ್ ಕಡತಗಳ ಲೆಕ್ಕ ಮೂರು ಲಕ್ಷ ಚಿಲ್ಲರೆ. ಪೋಲಿಷ್ ಮಂದಿಯ ಹಳೆಯ ಅಂದಾಜು ಹತ್ತು ಲಕ್ಷ ದಾಟುತ್ತದೆ. 1940ರ ಜೂನ್ ಕಂತಿನಲ್ಲಿ ಹೆಚ್ಚಿನವರು ಹಿಟ್ಲರನಿಗೆ ಹೆದರಿ ಪೂರ್ವಕ್ಕೆ ಓಡಿಬಂದಿದ್ದ ಯಹೂದಿಗಳು. ಗಡೀಪಾರೇ ಅವರನ್ನು ಕಾಪಾಡಿತು. ಪೋಲೆಂಡಿನ ಯಹೂದಿಗಳಲ್ಲಿ ಬದುಕುಳಿದ ಬಹುಪಾಲು ಜನ ಉಳಿದದ್ದು ಸೋವಿಯತ್ ನೆಲದ ಆ ಚಳಿಯಲ್ಲಿ.

1941ರ ಜೂನ್‌ನಲ್ಲಿ ಹಿಟ್ಲರ್ ರಷ್ಯಾದ ಮೇಲೆ ಬಿದ್ದ. ಪಗಡೆ ತಿರುಗಿತು. ದೇಶ ಬಿಟ್ಟು ಲಂಡನ್ನಿನಲ್ಲಿದ್ದ ಪೋಲಿಷ್ ಸರಕಾರ ಮತ್ತು ಮಾಸ್ಕೋ ನಡುವೆ ಜುಲೈ 30ರಂದು ಒಪ್ಪಂದವಾಗಿ ಕೈದಿಗಳಿಗೆ ಕ್ಷಮಾದಾನ ಸಿಕ್ಕಿತು. ಜೈಲಿನಿಂದ ಹೊರಬಂದ ಜನರಲ್ ಆಂಡರ್ಸ್ ಸೋವಿಯತ್ ನೆಲದಲ್ಲೇ ಪೋಲಿಷ್ ಸೇನೆ ಕಟ್ಟತೊಡಗಿದರು. ಎಲ್ಲೆಲ್ಲಿಂದಲೋ ಜನ ಆ ಸೇನೆಯ ಠಾಣೆಗಳತ್ತ ನಡೆದುಬಂದರು. 1942ರಲ್ಲಿ ಎರಡು ಸಲವಾಗಿ ಸುಮಾರು 1,15,000 ಜನ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನ್ ಸೇರಿದರು. ಅವರಲ್ಲಿ ಮೂರರಲ್ಲೊಂದು ಪಾಲು ಸೈನಿಕರ ಮನೆಮಂದಿ ಮತ್ತು ಅನಾಥ ಮಕ್ಕಳು. ಮುಂದೆ ಇಸ್ರೇಲಿನ ಪ್ರಧಾನಿಯಾದ ಮೆನಾಖೆಮ್ ಬೆಗಿನ್ ಕೂಡ ಇದೇ ಸೇನೆಯ ಸಿಪಾಯಿಯಾಗಿ ಪ್ಯಾಲೆಸ್ಟೈನಿಗೆ ಬಂದವರು. ಇರಾನಿನಲ್ಲಿದ್ದ ಯಹೂದಿ ಮಕ್ಕಳ ದೊಡ್ಡ ಗುಂಪೊಂದು ಭೂಮಾರ್ಗ ಸಿಗದೆ ಹಡಗಿನಲ್ಲಿ ಕರಾಚಿಗೆ ಬಂದು, ಅಲ್ಲಿಂದ ಸೂಯೆಜ್ ಮೂಲಕ 1943ರ ಫೆಬ್ರವರಿಯಲ್ಲಿ ಪ್ಯಾಲೆಸ್ಟೈನ್ ಮುಟ್ಟಿತು.

ಗಂಡಸರು ಯುದ್ಧಕ್ಕೆ ಹೋದರು. ಹೆಂಗಸರು, ಮಕ್ಕಳು ಎಲ್ಲಿ ಇರಬೇಕು? ಜಾಮ್‌ನಗರದ ಜಾಮ್‌ಸಾಹೇಬ ದಿಗ್ವಿಜಯಸಿಂಹಜಿ ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ನೆಲೆ ಕೊಟ್ಟರು. ದೊಡ್ಡ ಶಿಬಿರಕ್ಕೆ ಆರಿಸಿಕೊಂಡದ್ದು ಹವೆ ಹಿತವಾದ ಕೊಲ್ಹಾಪುರ. 1943ರ ನಡುವಿನಿಂದ ಮೀಟರ್ ಗೇಜ್ ಗಾಡಿಗಳಲ್ಲಿ ಜನ ಬಂದಿಳಿಯತೊಡಗಿದರು. ಬಿದಿರ ತಟ್ಟಿಯ ಗೋಡೆ, ಹಂಚಿನ ಮಾಡು, ಮುಂದೊಂದು ಪಡಸಾಲೆ. ಸಾಲು ಸಾಲು ಉದ್ದನೆಯ ಮನೆಗಳು. ಶಾಲೆಗಳು ಎದ್ದವು, ಚರ್ಚು ಎದ್ದಿತು, ನಾಟಕ ನಡೆಯಿತು, ಸ್ಕೌಟ್ ಮಕ್ಕಳು ಪಂಚಗಂಗೆಯಲ್ಲಿ ಈಜಿದರು. ಇದನ್ನು ಕೊಲ್ಹಾಪುರ ರಾಜಮನೆತನದ ಔದಾರ್ಯವೆಂದು ಇಂದಿನ ಭಾಷಣಗಳಲ್ಲಿ ಹೇಳುವುದುಂಟು. ಆದರೆ ಆಗ ಗಾದಿಯ ಮೇಲಿದ್ದದ್ದು ಎರಡು ವರ್ಷವೂ ತುಂಬದ ಮಗು. ವ್ಯವಸ್ಥೆ ಬ್ರಿಟಿಷ್ ಇಂಡಿಯಾ ಸರಕಾರದ್ದು, ಖರ್ಚು ಲಂಡನ್ನಿನ ಪೋಲಿಷ್ ಸರಕಾರದ್ದು. ನೆಲ, ನೀರು, ನೆರೆಹೊರೆ ಮಾತ್ರ ಕೊಲ್ಹಾಪುರದ್ದು. ಬಂದವರು ಮುಂದೆ ವಯಸ್ಸಾದ ಮೇಲೂ ನೆನೆದದ್ದು ಹೆಚ್ಚಾಗಿ ಈ ಕೊನೆಯ ಮೂರನ್ನೇ.

ಮುತ್ತೈದೆಯೋ, ಅಲ್ಲವೋ

ವಳಿವಡೆಯ ದಿನ ಅಂಚೆಯವನಿಂದ ಬೆಳಗಾಗುತ್ತಿತ್ತು. ಆಂಡರ್ಸರ ಸೇನೆ ಇರಾಕ್, ಪ್ಯಾಲೆಸ್ಟೈನ್ ದಾಟಿ ಇಟಲಿಗೆ ಹೋಯಿತು. 1944ರ ಮೇ 18ರಂದು ಮಾಂಟೆ ಕಸೀನೋ ಬೆಟ್ಟದ ಮಠದ ಮೇಲೆ ಪೋಲಿಷ್ ಬಾವುಟ ಏರಿತು. ಅಲ್ಲಿಯ ಪೋಲಿಷ್ ಸ್ಮಶಾನದಲ್ಲಿ ಇಂದು ಸಾವಿರಕ್ಕೂ ಹೆಚ್ಚು ಸಮಾಧಿಗಳಿವೆ. ಅದೇ ಇಟಲಿಯಲ್ಲಿ ಬೆಳಗಾವಿಯಲ್ಲಿ ಪಳಗಿದ ಮರಾಠಾ ದಳದ ಬಟಾಲಿಯನ್‌ಗಳೂ ಕಾದುತ್ತಿದ್ದವು. ಆ ದಳದ ಯಶವಂತ ಘಾಡಗೆ, ನಾಮದೇವ ಜಾಧವ ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂದದ್ದು ಅಲ್ಲಿಯ ಹೋರಾಟಕ್ಕೆ. ಘಾಡಗೆ ಮರಳಲಿಲ್ಲ. ಒಂದೇ ರಣದ ಸುದ್ದಿಗೆ ಇಲ್ಲಿಯ ಹಳ್ಳಿಯ ತಾಯಿಯೂ, ಆ ತಟ್ಟಿಮನೆಯ ಪೋಲಿಷ್ ಹೆಂಡತಿಯೂ ಎದೆ ಹಿಡಿದು ಕೂತಿದ್ದ ಕಾಲ ಅದು.

ಸುದ್ದಿಯೇ ಬಾರದವರ ಸಂಕಟ ಇನ್ನೂ ದೊಡ್ಡದು. 1940ರ ವಸಂತದಲ್ಲಿ ಸೋವಿಯತ್ ಪೊಲೀಸರು ಕಟಿನ್ ಕಾಡು ಮತ್ತಿತರ ಕಡೆ ಸುಮಾರು 22,000 ಪೋಲಿಷ್ ಅಧಿಕಾರಿಗಳನ್ನು, ಬಂದಿಗಳನ್ನು ಗುಟ್ಟಾಗಿ ಕೊಂದಿದ್ದರು. ಅದೇ ಏಪ್ರಿಲ್‌ನಲ್ಲಿ ಗಡೀಪಾರಾದವರು ಬಹುಪಾಲು ಅಂಥವರ ಹೆಂಡತಿ ಮಕ್ಕಳು. 1943ರ ಏಪ್ರಿಲ್‌ನಲ್ಲಿ ಗುಂಡಿಗಳ ಸುದ್ದಿ ಹೊರಬಿದ್ದರೂ ಮಾಸ್ಕೋ ಒಪ್ಪಲಿಲ್ಲ, ಒಪ್ಪಿಕೊಂಡದ್ದು 1990ರಲ್ಲಿ. ಅಲ್ಲಿಯವರೆಗೆ ಆ ಹೆಂಗಸರು ಹೆಂಡತಿಯರೋ ವಿಧವೆಯರೋ? ಕುಂಕುಮ ಇಡಬೇಕೋ ಅಳಿಸಬೇಕೋ ಎಂದು ತಿಳಿಯದ ಹೆಣ್ಣಿನ ಪಾಡು ನಮಗೆ ಬಿಡಿಸಿ ಹೇಳಬೇಕಿಲ್ಲ. ಬೆಲ್ಸನ್ನಿನಲ್ಲಿ ರಬ್ಬಿಯ ಎದುರು ಸಾಕ್ಷಿಗಾಗಿ ತಡಕಾಡಿದ ಯಹೂದಿ ಹೆಂಗಸೂ ನಿಂತದ್ದು ಇದೇ ಅಂಚಿನಲ್ಲಿ.

1945ರಲ್ಲಿ ಯುದ್ಧ ಗೆದ್ದಾಯಿತು, ವಳಿವಡೆ ಸೋತಿತು. ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಕೂತ ಬ್ರಿಟನ್, ಅಮೆರಿಕ, ಸೋವಿಯತ್ ದೇಶಗಳ ಮೂವರು ದೊಡ್ಡವರು ಪೂರ್ವ ಪೋಲೆಂಡನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟರು. ಶಿಬಿರದವರ ಹುಟ್ಟೂರುಗಳು ಬಹುಪಾಲು ಅಲ್ಲೇ. ಊರು ಇದ್ದಲ್ಲೇ ಇತ್ತು, ದೇಶ ಬೇರೆಯಾಯಿತು. ಜುಲೈನಲ್ಲಿ ಬ್ರಿಟನ್, ಅಮೆರಿಕ ಲಂಡನ್ನಿನ ಪೋಲಿಷ್ ಸರಕಾರದ ಮಾನ್ಯತೆಯನ್ನೇ ಹಿಂತೆಗೆದುಕೊಂಡವು. ಶಿಬಿರ ಸಾಕುತ್ತಿದ್ದ ಸರಕಾರವೇ ಇಲ್ಲವಾಯಿತು.

ಉಳಿದದ್ದು ಸಿಪಾಯಿಯ ನಂಟು. ಪೋಲಿಷ್ ಸೈನಿಕರಿಗೆ ಬ್ರಿಟನ್ನಿನಲ್ಲಿ ನೆಲೆ ಕೊಡುವ ಪೋಲಿಷ್ ಪುನರ್ವಸತಿ ಕಾಯ್ದೆ 1947ರ ಮಾರ್ಚ್‌ನಲ್ಲಿ ಬಂತು. ಸೈನಿಕನ ಅವಲಂಬಿತರಿಗೂ ಬಾಗಿಲು ತೆರೆಯಿತು. ಬೆಲ್ಸನ್ನಿನ ಹುಡುಗಿಗೆ ಹೊಸ ಸಿಪಾಯಿಯ ಮದುವೆ ಕೊಟ್ಟದ್ದನ್ನು ವಳಿವಡೆಯ ಹೆಂಗಸಿಗೆ ಹಳೆಯ ಸಿಪಾಯಿಯ ಸಂಬಂಧ ಕೊಟ್ಟಿತು. ಗಂಡನೋ ತಂದೆಯೋ ಮಗನೋ ಆಂಡರ್ಸರ ಸೇನೆಯಲ್ಲಿದ್ದರೆ ಬೊಂಬಾಯಿಯಿಂದ ಇಂಗ್ಲೆಂಡಿನ ಹಡಗು. ಅಂಥ ಹೆಸರು ತೋರಿಸಲಾಗದ ಬಹಳ ಜನರಿಗೆ ಪೂರ್ವ ಆಫ್ರಿಕದ ಇನ್ನೊಂದು ಶಿಬಿರ, ಅಲ್ಲೂ ಕಾಯುವ ಕೆಲಸ. ಕೆಲವರು ಕಮ್ಯುನಿಸ್ಟ್ ಪೋಲೆಂಡಿಗೇ ಮರಳಿದರು. 1948ರ ಹೊತ್ತಿಗೆ ವಳಿವಡೆ ಖಾಲಿಯಾಯಿತು.

ಎಲ್ಲರೂ ಹೋಗಲಿಲ್ಲ. ಶಿಬಿರದ ಹುಡುಗಿಯೊಬ್ಬಳು ಕೊಲ್ಹಾಪುರದ ತರುಣನನ್ನು ಮದುವೆಯಾಗಿ, ಹೆಸರು ಬದಲಿಸಿಕೊಂಡು, ಸೀರೆ ಉಟ್ಟು, ಮರಾಠಿ ಮಾತಾಡುತ್ತ ಆ ಊರಿನ ಸೊಸೆಯಾಗಿ ಬಾಳಿದಳು. ತವರಿನವರು ಗಾಡಿ ಹತ್ತಿ ಹೋದ ಮೇಲೆ ಗಂಡನ ಊರೇ ಅವಳಿಗೆ ತವರಾಯಿತು.

ಆಮೇಲೆ

ದೇಶ ಸಿಕ್ಕವರಿಗೆ ಮನೆ ಸಿಗಲು ತಡವಾಯಿತು. ಬ್ರಿಟನ್ ಸೇರಿದ ಪೋಲಿಷ್ ಸಂಸಾರಗಳು ಸೈನ್ಯ ಬಿಟ್ಟುಹೋದ ತಗಡಿನ ಗುಡಿಸಲುಗಳಲ್ಲಿ ವರ್ಷಗಟ್ಟಲೆ ಕಳೆದವು. ಲಂಡನ್, ಬಫಲೋ ಸೇರಿದ ಯಹೂದಿ ಸೊಸೆಯರಿಗೆ ಎದುರಾದದ್ದು ಮೌನ. ಹಳೆಯದನ್ನು ಕೇಳುವ ಕಿವಿ ಯಾರಿಗೂ ಇರಲಿಲ್ಲ. ಆಗಿದ್ದಾತು ಬಿಡವ್ವ, ಇನ್ನ ಮುಂದಿಂದು ನೋಡು ಎಂದು ನಮ್ಮ ಓಣಿಯಲ್ಲಿ ಹೇಳುವುದನ್ನೇ ಅಲ್ಲಿಯ ಅತ್ತೆಯಂದಿರೂ ತಮ್ಮ ಮಾತಿನಲ್ಲಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಸತ್ತವರ ಹೆಸರು ಎತ್ತಲೂ ಒಂದು ತವರು ಬೇಕು. ಅದಿಲ್ಲದ ಹೆಣ್ಣು ಎಷ್ಟೋ ವರ್ಷ ಒಳಗೊಳಗೇ ಎತ್ತಿಕೊಂಡಳು. ಗೆರ್ಡಾರ ಕಥೆ ಆಧರಿಸಿದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದದ್ದು 1996ರಲ್ಲಿ. ಗೆನಾ ತಮ್ಮ ನೆನಪು ಬರೆದದ್ದು 1987ರಲ್ಲಿ, ಬಿಡುಗಡೆಯಾಗಿ 42 ವರ್ಷವಾದ ಮೇಲೆ.

ವಳಿವಡೆಯ ಮಕ್ಕಳು ಮುದುಕರಾಗುವ ಹೊತ್ತಿಗೆ ಬ್ರಿಟನ್ನಿನಲ್ಲಿ ಸಂಘ ಕಟ್ಟಿಕೊಂಡು, ನೆನಪುಗಳ ದಪ್ಪ ಪುಸ್ತಕ ತಂದರು. 1998ರಲ್ಲಿ ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲಿ ಸ್ಮಾರಕ ಕಂಬ ನಿಂತಿತು. 2024ರ ಆಗಸ್ಟ್‌ನಲ್ಲಿ ವಾರ್ಸಾಕ್ಕೆ ಹೋದ ಪ್ರಧಾನಿ ನರೇಂದ್ರ ಮೋದಿ ಅಲ್ಲಿಯ ಕೊಲ್ಹಾಪುರ ಸ್ಮಾರಕಕ್ಕೆ ಹೂ ಇಟ್ಟಾಗ, ನಮ್ಮ ಕಡೆಯ ಬಹಳ ಜನ ಈ ಕಥೆಯನ್ನು ಮೊದಲ ಸಲ ಕೇಳಿದರು.

ತಟ್ಟಿಮನೆಗಳು ಮಾತ್ರ ಬಹಳ ದಿನ ಖಾಲಿ ಉಳಿಯಲಿಲ್ಲ. ದೇಶ ಒಡೆದು ಸಿಂಧ್ ಪಾಕಿಸ್ತಾನಕ್ಕೆ ಹೋದಾಗ ಊರು ಕಳೆದುಕೊಂಡ ಸಿಂಧಿಗಳು ಬಂದು ಅದೇ ಮನೆಗಳಲ್ಲಿ ಒಲೆ ಹಚ್ಚಿದರು. ಪೋಲೆಂಡಿನವರ ಹಾಗೆ ಇವರ ಊರೂ ಇದ್ದಲ್ಲೇ ಇತ್ತು, ದೇಶ ಬೇರೆಯಾಗಿತ್ತು. ಹೊಟ್ಟೆಪಾಡಿಗೆ ಬಟ್ಟೆ ವ್ಯಾಪಾರ ಹಿಡಿದರು. ವಳಿವಡೆಯ ಶಿಬಿರ ಗಾಂಧಿನಗರವಾಯಿತು. ಇಂದು ಗಡಿಯ ಈಚಿನ ಊರುಗಳಿಂದಲೂ ಜನ ಗಾಡಿ ಮಾಡಿಕೊಂಡು ಅಲ್ಲಿಗೆ ಹೋಗುವುದು ಮಗಳ ಮದುವೆಗೆ ಜವಳಿ ತರಲು.